ದೊಡ್ಡರಂಗಯ್ಯನ ಎಡಗೆನ್ನೆ

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಪೇಟೆ ಕಡೆ ನಡೆದರೆ ಗೊಬ್ಬರದ ಅಂಗಡಿಗೂ ಬಳೆ ಅಂಗಡಿಗೂ ನಡುವೆ ಒಂದು ಇಕ್ಕಟ್ಟಾದ ಸ್ಟುಡಿಯೋ ಸಿಗುತ್ತದೆ. ಬೋರ್ಡಿನ ಮೇಲೆ ರೇಣುಕಾಪ್ರಸಾದ್ ಅಂತ ಹೆಸರಿದೆ. ಒಳಗೆ ಕೂತಿರುವುದು ಅವನ ಹೆಂಡತಿ ಶಕುಂತಲಮ್ಮ. ಅವನು ಹೋಗಿ ಮೂರು ವರ್ಷವಾಯಿತು. ಬೋರ್ಡು ಬದಲಾಯಿಸಮ್ಮ ಅಂದವರಿಗೆಲ್ಲ ಅವಳು ಒಂದೇ ಉತ್ತರ ಕೊಟ್ಟಿದ್ದಾಳೆ.

"ಬೋರ್ಡ್ ಚೆನ್ನಾಗೇ ಇದೆ. ನಿಮ್ಗೆ ಪಾಸ್‌ಪೋರ್ಟ್ ಸೈಜ್ ಬೇಕಾ, ದೊಡ್ಡದು ಬೇಕಾ?"

ಅವಳು ಕುಣಿಗಲ್ ಕಡೆಯ ಹೆಣ್ಣು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಹೈಸ್ಕೂಲು ದೂರ ಇತ್ತು, ಮನೆಯಲ್ಲಿ ಎರಡು ಎಮ್ಮೆ ಇದ್ದವು. ಎಮ್ಮೆಗಳು ಗೆದ್ದವು. ಹತ್ತೊಂಬತ್ತಕ್ಕೆ ರೇಣುಕಾಪ್ರಸಾದ್ ಹೆಣ್ಣು ನೋಡಲು ಬಂದ. ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡೇ ಬಂದಿದ್ದ. ಉಪ್ಪಿಟ್ಟು ತಿಂದು ಅವಳದು ಮೂರು ಫೋಟೋ ತೆಗೆದ. ತೊಳೆಸಿ ನೋಡಿದರೆ ಮೂರರಲ್ಲೂ ಅವಳು ಕಣ್ಣು ಮುಚ್ಚಿದ್ದಳು. ಆದರೂ ಒಪ್ಪಿದ. ಕಣ್ಣು ಬಿಟ್ಟಾಗ ನೋಡಿದ್ದೀನಲ್ಲ, ಸಾಕು ಅಂದನಂತೆ.

ರೀಲಿನ ಕಾಲದಲ್ಲಿ ಅವಳು ಮದುವೆ ಮನೆಗಳಲ್ಲಿ ಲೈಟು ಹಿಡಿದು ನಿಂತಳು. ಕಂಪ್ಯೂಟರ್ ಬಂದಾಗ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಗಿರಾಕಿಗಳ ಜೊತೆ ಮಾತಾಡುವುದು ಅವನ ಕೆಲಸವಾಯಿತು, ಮೌಸು ಹಿಡಿಯುವುದು ಅವಳದಾಯಿತು. ಕೂದಲಿನ ಅಂಚು ಬಿಡಿಸುವುದು, ಕೆನ್ನೆ ಮೇಲಿನ ಎಣ್ಣೆಹೊಳಪು ತೆಗೆಯುವುದು, ಹರಿದ ಹಳೇ ಫೋಟೋ ಜೋಡಿಸುವುದು, ಎಲ್ಲ ಅವಳ ಕೈಗೆ ಬಂತು. ಇಂಗ್ಲಿಷು ಬರುತ್ತಿರಲಿಲ್ಲ. ಯಾವ ಬಟನ್ ಎಲ್ಲಿದೆ ಅಂತ ಕಣ್ಣಿಗೆ ಗೊತ್ತಿತ್ತು.

ಹೀಗೆ ಇಪ್ಪತ್ತಾರು ವರ್ಷ ನಡೆಯಿತು. ಒಂದು ದಿನ ಅವನು ಯಾರದೋ ನಾಮಕರಣ ಮುಗಿಸಿ ಬಂದು ಎದೆ ಹಿಡಿದುಕೊಂಡು ಕೂತ. ತುಮಕೂರು ಮುಟ್ಟುವಷ್ಟರಲ್ಲಿ ಇರಲಿಲ್ಲ. ಶಿವಗಣಾರಾಧನೆ ಆದ ಮೂರನೇ ದಿನ ಶಕುಂತಲಮ್ಮ ಸ್ಟುಡಿಯೋ ಷಟರ್ ಎತ್ತಿದಳು. ಬಾಗಿಲು ತೆಗೆದರೆ ಒಳಗೆಲ್ಲ ಅವನ ವಾಸನೆ. ಅಳಬೇಕು ಅನ್ನುವಷ್ಟರಲ್ಲಿ ಯಾರೋ ಬಂದು ಬ್ಯಾಂಕಿಗೆ ಅರ್ಜೆಂಟಾಗಿ ಎರಡು ಫೋಟೋ ಬೇಕು ಅಂದರು. ತೆಗೆದುಕೊಟ್ಟಳು.

ಅವಳ ಫೋನಿಗೆ ಎಐ ಹಾಕಿಕೊಟ್ಟವಳು ಮಗಳು ಪಲ್ಲವಿ. ಪಲ್ಲವಿಗೆ ಇಪ್ಪತ್ತನಾಲ್ಕು. ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ, ಗಾಡಿಗಳ ಬಿಡಿಭಾಗ ಮಾಡುವ ಕಡೆ, ತಯಾರಾದ ಮಾಲನ್ನು ಅಳೆದು ಪಾಸು ಮಾಡುವುದೋ ವಾಪಸು ಕಳಿಸುವುದೋ ನೋಡುವ ಕೆಲಸ. ದಿನಾ ಗುಬ್ಬಿಯಿಂದ ಸ್ಕೂಟಿಯಲ್ಲಿ ಹೋಗಿ ಬರುತ್ತಾಳೆ. ಮನೆಗೆ ಬಂದ ಮೇಲೆ ಅಮ್ಮ ಮಾಡಿದ ಚಪಾತಿಯನ್ನೂ ಅಳೆದೇ ತಿನ್ನುತ್ತಾಳೆ.

ಮೊದಲು ಶಕುಂತಲಮ್ಮ ಅದನ್ನು ಕಾರ್ಡುಗಳಿಗೆ ಬಳಸಿದಳು. ಗೃಹಪ್ರವೇಶಕ್ಕೆ ನಾಲ್ಕು ಸಾಲು ಬರೆದುಕೊಡು ಅಂದರೆ ಬರೆದುಕೊಡುತ್ತಿತ್ತು. ಫೋನಿಗೆ ಬಾಯಲ್ಲಿ ಹೇಳಿದರೆ ಸಾಕು. ತಪ್ಪು ಮಾಡಿದರೆ ಗದರುತ್ತಿದ್ದಳು, ಅದು ಕೂಡಲೇ ಕ್ಷಮೆ ಕೇಳುತ್ತಿತ್ತು. ಅದು ಅವಳಿಗೆ ಬಹಳ ಹಿಡಿಸಿತು.

"ನಿಮ್ಮಪ್ಪ ಇಪ್ಪತ್ತಾರು ವರ್ಷದಲ್ಲಿ ಒಂದ್ಸಲಾನೂ ಕ್ಷಮಿಸು ಅಂದಿದ್ದಿಲ್ಲ ಕಣೇ" ಅಂದಳು ಮಗಳಿಗೆ. "ಇದು ಬೆಳಗ್ಗೆಯಿಂದ ಒಂಬತ್ತು ಸಲ ಅಂತು."

ಆಮೇಲೆ ಫೋಟೋಗಳಿಗೂ ಬಳಸಿದಳು. ಗುಬ್ಬಿ ಸುತ್ತಮುತ್ತ ಯಾರಾದರೂ ತೀರಿಕೊಂಡರೆ ಗೋಡೆಗೆ ಹಾಕುವ ಫೋಟೋ ಬೇಕಾಗುತ್ತದೆ. ಹಳ್ಳಿಯ ಮುದುಕರಿಗೆ ಒಂಟಿ ಫೋಟೋ ಎಲ್ಲಿರುತ್ತದೆ? ಯಾವುದೋ ಮದುವೆಯ ಗುಂಪಿನಿಂದ ಮುಖ ಕಿತ್ತು ತೆಗೆಯಬೇಕು. ಮೊದಲು ಒಂದು ದಿನ ಹಿಡಿಯುತ್ತಿದ್ದ ಕೆಲಸ ಈಗ ಕಾಫಿ ಕುಡಿಯುವುದರೊಳಗೆ ಆಗುತ್ತಿತ್ತು. ಪ್ರತಿ ಸಲ ಹೇಳುವುದು ಯಾಕೆ ಅಂತ ಒಂದು ಸಾಲು ಬರೆದಿಟ್ಟುಕೊಂಡಿದ್ದಳು. ಬಿಳಿ ಶರ್ಟು, ಹೆಗಲ ಮೇಲೆ ಟವೆಲು, ಹಣೆಗೆ ಮೂರೆಳೆ ವಿಭೂತಿ, ಹಿಂದೆ ತಿಳಿನೀಲಿ. ಎಲ್ಲರಿಗೂ ಅದೇ ಸಾಲು.

ಕಡಬದ ಅಶ್ವಥ್ ಬಂದದ್ದು ಒಂದು ಗುರುವಾರ. ಎಳನೀರು ಸಾಗಿಸುವ ಗಾಡಿ ಓಡಿಸುವವನು. ಅವನ ಅಪ್ಪ ದೊಡ್ಡರಂಗಯ್ಯ ಹೋಗಿ ಅಂದಿಗೆ ಆರು ದಿನ. ಮಂಗಳವಾರ ಹನ್ನೊಂದನೇ ದಿನದ ಕಾರ್ಯ. ಗೋಡೆಗೆ ಒಂದು ಫೋಟೋ ಬೇಕು, ಊರ ಬಾಗಿಲಿಗೆ ಒಂದು ಫ್ಲೆಕ್ಸು ಬೇಕು ಅಂದ.

"ಫೋಟೋ ತಂದಿದ್ದೀಯೇನಪ್ಪ?"

"ಇದೊಂದೇ ಅಕ್ಕ ಇರಾದು. ನಮ್ಮಕ್ಕನ ಮದ್ವೇದು. ಆಧಾರ್ ಕಾರ್ಡ್ ಅಪ್ಪನ ಜೇಬಲ್ಲೇ ಇದ್ದು ಬಟ್ಟೆ ಜೊತೆ ತೊಳ್ದೋಗದೆ. ಅದರ ಜೆರಾಕ್ಸ್ ಅದೆ."

ಜೆರಾಕ್ಸಿನಲ್ಲಿ ಮುಖ ಇರಬೇಕಾದ ಕಡೆ ಮಸಿಯ ಮುದ್ದೆ ಇತ್ತು. ಮದುವೆಯ ಫೋಟೋದಲ್ಲಿ ಹದಿನಾಲ್ಕು ಜನ ಸ್ಟೇಜಿನ ಮೇಲೆ ನಿಂತಿದ್ದರು. ದೊಡ್ಡರಂಗಯ್ಯ ಹಿಂದಿನ ಸಾಲಿನಲ್ಲಿದ್ದ. ಅವನ ಮುಂದೆ ಒಬ್ಬರು ದೊಡ್ಡ ಪೇಟ ಸುತ್ತಿಕೊಂಡು ನಿಂತಿದ್ದರಿಂದ ಬಲಗಡೆಯ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಶಕುಂತಲಮ್ಮ ಎರಡನ್ನೂ ಫೋನಿನಲ್ಲಿ ಹೊಡೆದು ಎಐಗೆ ಹಾಕಿ, ತನ್ನ ಸಾಲು ಅಂಟಿಸಿದಳು.

ಬಂದ ಮುಖ ನೋಡಿ ಅಶ್ವಥ್ ಎದ್ದು ನಿಂತ.

"ಅಕ್ಕೋ! ನಾವು ನಾಮ್ದೋರು! ನಮ್ಮಪ್ಪಂಗೆ ಈಬೂತಿ ಇಕ್ಕಿ ಮಠಕ್ಕೆ ಕಳಿಸ್ಬುಟ್ಟಲ್ಲ!"

ಶಕುಂತಲಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ಸತ್ತ ಹುಡುಗನ ಮುಂದೆ ನಗಬಾರದು ಅಂತ ತಡೆದುಕೊಂಡರೆ ಅವನೇ ನಗತೊಡಗಿದ. ವಿಭೂತಿ ಹೋಯಿತು, ನಾಮ ಬಂತು. ಅವಳು ನಾಮದ ಗೆರೆ ನೇರ ಇದೆಯೇ, ಬಣ್ಣ ಸರಿ ಇದೆಯೇ ಅಂತ ಹತ್ತು ಸಲ ನೋಡಿದಳು. ಹಣೆಯಿಂದ ಕೆಳಗೆ ಕಣ್ಣು ಇಳಿಯಲೇ ಇಲ್ಲ.

"ಸರಿ ಇದ್ಯಾ ನೋಡಪ್ಪ."

"ಸೂಪರ್ ಆಗದೆ ಅಕ್ಕ. ಹೀರೋ ಆಗವ್ನೆ ನಮ್ಮಪ್ಪ."

ಶನಿವಾರ ಫ್ರೇಮು ತೆಗೆದುಕೊಂಡು ಹೋದ. ಅಂದು ಸಂಜೆಯೇ ಫ್ಲೆಕ್ಸೂ ನಿಂತಿತು.

ಭಾನುವಾರ ಪಲ್ಲವಿಗೆ ರಜ. ಬೆಳಗ್ಗೆ ಸ್ಟುಡಿಯೋದ ಧೂಳು ಹೊಡೆಯಲು ಬಂದವಳು ಅಮ್ಮನ ಫೋನು ತೆಗೆದು ನೋಡಿದಳು. ಹಳೇ ಫೋಟೋ, ಹೊಸ ಫೋಟೋ, ಒಂದರ ಕೆಳಗೊಂದು.

"ಅಮ್ಮ, ಈ ಕಡೆ ಅರ್ಧ ಮುಖ ಎಲ್ಲಿಂದ ತಂದೆ?"

"ಅದೇ ಮಾಡ್ತು."

"ಏನ್ ನೋಡ್ಕೊಂಡು ಮಾಡ್ತು? ಹಳೇದ್ರಲ್ಲಿ ಇಲ್ವಲ್ಲ."

"ಈ ಕಡೆ ಇದ್ದಂಗೆ ಆ ಕಡೆ ಮಾಡಿರತ್ತೆ. ಮನುಷ್ಯನಿಗೆ ಎರಡು ಕಡೆನೂ ಒಂದೇ ತಾನೆ ಇರೋದು."

"ಅವ್ರಿಗೆ ಹೇಳಿದ್ಯಾ? ಅರ್ಧ ಮುಖ ಮಿಷಿನ್ನು ಊಹೆ ಮಾಡಿರೋದು ಅಂತ?"

"ಮಗನೇ ಸೂಪರ್ ಅಂದ ಮೇಲೆ ಇನ್ನೇನು ಹೇಳಾದು?"

ಪಲ್ಲವಿ ಪೊರಕೆ ಕೆಳಗಿಟ್ಟಳು. ಅವಳ ಫ್ಯಾಕ್ಟರಿಯಲ್ಲಿ ಹೋದ ತಿಂಗಳು ಇದರ ಮೇಲೆಯೇ ಎರಡು ದಿನ ಟ್ರೇನಿಂಗ್ ಆಗಿತ್ತು. ಎಐ ಬರೆದ ರಿಪೋರ್ಟನ್ನು ಹಾಗೇ ಕಳಿಸುವಂತಿಲ್ಲ. ಯಾವುದು ಅಳೆದದ್ದು, ಯಾವುದು ಊಹೆ ಅಂತ ಬೇರೆ ಬೇರೆ ಬರೆಯಬೇಕು. ನೋಡಿದವರು ಕೆಳಗೆ ಸೈನ್ ಮಾಡಬೇಕು. ಸೈನ್ ಮಾಡಿದವರದೇ ಜವಾಬ್ದಾರಿ, ಮಿಷಿನ್ ಹೇಳಿತು ಅಂದರೆ ಯಾರೂ ಕೇಳುವುದಿಲ್ಲ. ಬೇರೆಯವರ ಕಾಗದ ಕೇಳದೆ ಎಐಗೆ ಹಾಕುವಂತಿಲ್ಲ. ಇದನ್ನೆಲ್ಲ ಹೇಳುತ್ತಿದ್ದವಳು ಫೋನು ಮೇಲಕ್ಕೆ ತಳ್ಳಿ ನೋಡಿ ಕೂಗಿಕೊಂಡಳು.

"ಅಯ್ಯೋ, ಆಧಾರ್ ನಂಬರ್ ಸಮೇತ ಹಾಕಿದ್ದೀಯಲ್ಲೇ ಅಮ್ಮ!"

"ಸತ್ತೋರ ಆಧಾರ್ ಯಾರಿಗ್ ಬೇಕು?"

"ಸತ್ತೋರ ಹೆಸರಲ್ಲೇ ಜಾಸ್ತಿ ಮೋಸ ನಡೆಯೋದು. ಅವರು ಮುಖ ಮಾಡಕ್ಕೆ ಕೊಟ್ಟಿದ್ದು, ನಂಬರ್ ಹಂಚಕ್ಕಲ್ಲ. ಅಳಿಸು ಮೊದ್ಲು."

ಅಳಿಸಿದರು. ಪಲ್ಲವಿ ಗೊಣಗುತ್ತ ಪೊರಕೆ ಎತ್ತಿಕೊಂಡಳು. ಶಕುಂತಲಮ್ಮ ಆ ಅರ್ಧ ಮುಖವನ್ನೇ ನೋಡುತ್ತ ಕೂತಳು.

ಮಗಳಿಗೆ ಹೇಳದ ಒಂದು ಸಂಗತಿ ಅವಳ ಹತ್ತಿರ ಇತ್ತು. ರೇಣುಕಾಪ್ರಸಾದ್ ಊರಿನವರದೆಲ್ಲ ಫೋಟೋ ತೆಗೆದವನು, ತನ್ನದು ತೆಗೆಸಿಕೊಂಡವನಲ್ಲ. ಇದ್ದ ಒಂದರಲ್ಲೂ ಪಕ್ಕಕ್ಕೆ ತಿರುಗಿಕೊಂಡಿದ್ದ. ಆರು ತಿಂಗಳ ಹಿಂದೆ ಅವಳು ಅದನ್ನು ಎಐಗೆ ಹಾಕಿ, ನನ್ನ ಕಡೆ ತಿರುಗಿಸು, ಸ್ವಲ್ಪ ನಗಿಸು ಅಂದಿದ್ದಳು. ತಿರುಗಿಸಿತು. ನಗಿಸಿತು. ಹಲ್ಲೆಲ್ಲ ಸಾಲಾಗಿ ಕಾಣುವ ಹಾಗೆ ಚೆಂದದ ನಗು. ಅವನು ಹಾಗೆ ನಕ್ಕವನೇ ಅಲ್ಲ. ತುಟಿ ಬಿಗಿಹಿಡಿದು, ಕಣ್ಣಲ್ಲೇ ನಗುತ್ತಿದ್ದ. ಆದರೂ ನಾಲ್ಕು ದಿನ ಅದನ್ನು ನೋಡಿದಳು. ಐದನೇ ದಿನ ಕಣ್ಣು ಮುಚ್ಚಿದರೆ ಬಂದದ್ದು ಮಿಷಿನ್ ಮಾಡಿದ ಮುಖ. ಗಂಡನ ಮುಖ ಬರಲಿಲ್ಲ. ಹೆದರಿ ಅಳಿಸಿಬಿಟ್ಟಳು. ಅವನ ಮುಖ ಪೂರ್ತಿ ವಾಪಸು ಬರಲು ಒಂದು ತಿಂಗಳು ಹಿಡಿಯಿತು.

ಈಗ ಕಡಬದಲ್ಲಿ ಗಂಡ ಹೋದ ಇನ್ನೊಬ್ಬ ಹೆಂಗಸಿನ ಗೋಡೆಗೆ ತಾನೇ ಅಂಥದೊಂದನ್ನು ಮಾಡಿ ಕಳಿಸಿದ್ದಾಳೆ. ಮಂಗಳವಾರ ಆ ಹೆಂಗಸು ಅದಕ್ಕೆ ಹಾರ ಹಾಕಿ ಕೈ ಮುಗಿಯುತ್ತಾಳೆ. ಆಮೇಲೆ ದಿನಾ ಅದನ್ನೇ ನೋಡುತ್ತಾಳೆ.

"ಪಲ್ಲವಿ, ಲ್ಯಾಪ್‌ಟಾಪ್ ಚಾರ್ಜ್ ಇದ್ಯಾ?"

"ಇದೆ. ಯಾಕೆ?"

"ಕಡಬಕ್ಕೆ ಹೋಗ್ಬರ್ತೀನಿ. ಊರೋರೆಲ್ಲ ನಮ್ಮ ಸ್ಟುಡಿಯೋಗೆ ಉಗುದ್ರೂ ಸರಿ, ಹೇಳ್ಬಿಟ್ಟು ಬರ್ತೀನಿ."

ಕಡಬದಲ್ಲಿ ಬಸ್ಸು ಇಳಿದರೆ ಎದುರಿಗೇ ಫ್ಲೆಕ್ಸು. ಆರಡಿ ಎತ್ತರದ ದೊಡ್ಡರಂಗಯ್ಯ ಕೆರೆ ಕಡೆಗೆ ಮುಖ ಮಾಡಿ ನಗುತ್ತಿದ್ದ. ಕೆಳಗಿನ ಕಟ್ಟೆಯ ಮೇಲೆ ಇಬ್ಬರು ಮುದುಕರು ಕೂತಿದ್ದರು.

"ಯಾವ ಪಾರ್ಟಿಯೋನ್ಲಾ ಇವ್ನು?" ಅಂತ ಒಬ್ಬ ಕೇಳಿದ.

"ಪಾರ್ಟಿ ಅಲ್ಲ ಕಣೋ, ಶ್ರದ್ಧಾಂಜಲಿ ಅಂತ ಬರ್ದದೆ. ದೊಡ್ಡರಂಗಯ್ಯ ಅಂತೆ."

"ಯಾವ ದೊಡ್ಡರಂಗಯ್ಯ? ನಮ್ಮ ಹೋರಿ ರಂಗಣ್ಣನ ಹೆಸರೂ ಅದೇಯ. ಅವ್ನೂ ಮೊನ್ನೆ ತಾನೆ ಹೋದ."

"ಒಂದೇ ವಾರದಾಗೆ ಒಂದೇ ಹೆಸ್ರೋರು ಇಬ್ರು ಹೋದ್ರಾ! ಇವ್ನು ಮಾತ್ರ ನಮ್ಮೂರೋನಲ್ಲ ಬುಡು. ಮೊಖ ನೋಡು, ಬಿಸ್ಲನ್ನೇ ಕಂಡಿಲ್ಲ."

ಶಕುಂತಲಮ್ಮನಿಗೆ ನಾಚಿಕೆಯಾಯಿತು. ನಗುವೂ ಬಂತು. ಸೆರಗು ಸರಿಮಾಡಿಕೊಂಡು ಮನೆ ಎಲ್ಲಿ ಅಂತ ಕೇಳಿದಳು. ಹೋರಿ ರಂಗಣ್ಣನ ಮನೆ ಅಂತಲೇ ಕೇಳಿದಳು. ತೋರಿಸಿದರು.

ಮನೆ ಮುಂದೆ ಶಾಮಿಯಾನದ ಕಂಬ ನೆಡುತ್ತಿದ್ದರು. ಅಶ್ವಥ್ ಓಡಿ ಬಂದ.

"ಏನಕ್ಕ ಇಲ್ಲೀಗಂಟ? ಒಳಗೆ ಬರ್ಬೇಡಿ, ಸೂತಕ."

"ನಮ್ಮಲ್ಲಿ ಸೂತಕ ಇಲ್ಲ ಕಣಪ್ಪ. ಕಾಫಿ ಕೊಟ್ಟರೆ ಕಾಫೀನೂ ಕುಡೀತೀನಿ. ಆ ಫೋಟೋ ನಿಮ್ಮಮ್ಮಂಗೆ ತೋರಿಸಿದ್ಯಾ?"

ಅವನು ತಲೆ ಕೆರೆದುಕೊಂಡ. ಫ್ರೇಮು ಇನ್ನೂ ಪೇಪರಿನಲ್ಲಿ ಸುತ್ತಿಟ್ಟ ಹಾಗೇ ಇತ್ತು. ಕಾರ್ಯದ ದಿನವೇ ಬಿಚ್ಚಬೇಕು ಅಂತ ಹಿರಿಯರು ಹೇಳಿದ್ದರು. ಅಮ್ಮ ಹೊಂಬಾಳಮ್ಮ ಹನ್ನೊಂದು ದಿನ ಹೊಸ್ತಿಲು ದಾಟುವಂತಿರಲಿಲ್ಲ, ಅದಕ್ಕೆ ಫ್ಲೆಕ್ಸನ್ನೂ ಕಂಡಿರಲಿಲ್ಲ.

ಹೊಂಬಾಳಮ್ಮ ನಡುಮನೆಯಲ್ಲಿ ಚಾಪೆ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎಪ್ಪತ್ತರ ಹತ್ತಿರದ ಸಣಕಲು ಹೆಂಗಸು. ಶಕುಂತಲಮ್ಮ ಎದುರಿಗೆ ಕೂತು ಸುತ್ತುಬಳಸದೆ ಹೇಳಿದಳು.

"ಅಮ್ಮ, ನಾನು ಗುಬ್ಬಿ ಸ್ಟುಡಿಯೋದೋಳು. ನಿಮ್ಮ ಯಜಮಾನ್ರ ಫೋಟೋ ನಾನೇ ಮಾಡಿದ್ದು. ಅದ್ರಲ್ಲಿ ಅರ್ಧ ಮುಖ ಅವರದ್ದು, ಇನ್ನರ್ಧ ಮಿಷಿನ್ನು ಊಹೆ ಮಾಡಿ ಹಾಕಿರೋದು. ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪು ನಂದು. ಬಿಚ್ಚಿ ನೋಡಿ."

ಅಶ್ವಥ್ ಬೇಡ ಬೇಡ ಅನ್ನುತ್ತಿದ್ದ. ಹೊಂಬಾಳಮ್ಮ ಪೇಪರು ಹರಿದಳು. ಫ್ರೇಮನ್ನು ತೊಡೆ ಮೇಲೆ ಇಟ್ಟುಕೊಂಡು ದೂರ ಹಿಡಿದಳು, ಹತ್ತಿರ ತಂದಳು. ಒಂದು ಅಂಗೈಯಿಂದ ಎಡಗಡೆ ಮುಚ್ಚಿದಳು.

"ಇವ್ರು ಅವ್ರೇಯ."

ಕೈ ತೆಗೆದು ಬಲಗಡೆ ಮುಚ್ಚಿದಳು.

"ಇವ್ನ್ಯಾರವ್ವ? ಸಿನ್ಮಾದೋನ ತಂದು ನಮ್ಮನೇರ ಪಕ್ಕಕ್ಕೆ ಅಂಟಿಸ್ಬುಟ್ಟಿದ್ದೀಯ!"

ಬಾಗಿಲಲ್ಲಿ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕು ಸುಮ್ಮನಾದರು. ಹೊಂಬಾಳಮ್ಮ ಹೇಳಿದಳು. ದೊಡ್ಡರಂಗಯ್ಯನಿಗೆ ಇಪ್ಪತ್ತು ವರ್ಷವಿದ್ದಾಗ ಹೋರಿಯೊಂದು ಎಡಗೆನ್ನೆಗೆ ಕೊಂಬು ಹಾಕಿತ್ತು. ಹೊಲಿಗೆ ಹಾಕಿದ್ದು ಸರಿಹೋಗದೆ ಬಾಯಿಯ ಆ ಮೂಲೆ ಮೇಲಕ್ಕೆ ಎಳೆದುಕೊಂಡಿತ್ತು. ಅವತ್ತಿಂದ ಊರಿಗೆ ಹೋರಿ ರಂಗಣ್ಣ. ಹೊರಗೆ ಹೋದರೆ ಎಡಗೆನ್ನೆ ಮುಚ್ಚುವ ಹಾಗೆ ಟವೆಲು ಸುತ್ತಿಕೊಳ್ಳುತ್ತಿದ್ದ. ಮದುವೆಯ ದಿನ ಟವೆಲು ಚೆನ್ನಾಗಿರುವುದಿಲ್ಲ ಅಂತ ಮಗಳು ಕಿತ್ತುಕೊಂಡಿದ್ದಕ್ಕೆ ಬೀಗರ ಪೇಟದ ಹಿಂದೆ ಹೋಗಿ ನಿಂತಿದ್ದ. ಬೀಗರು ಎತ್ತ ಸರಿದರೆ ಅತ್ತ ಸರಿದನಂತೆ.

"ಈಗ ಸರಿಯಾಗಿ ಮಾಡ್ಕೊಡ್ತೀನಿ" ಅಂದಳು ಶಕುಂತಲಮ್ಮ. "ನೀವು ಹೇಳಿದಂಗೆ."

ಅಶ್ವಥ್ ಮುನಿದ. "ಏನ್ ಸರಿ ಮಾಡೋದು? ಅಪ್ಪ ಐವತ್ತು ವರ್ಷ ಆ ಕಡೆ ಮುಚ್ಕೊಂಡೇ ತಿರುಗ್ತು. ಈಗ ನೀವಿಬ್ರೂ ಸೇರ್ಕೊಂಡು ಫ್ರೇಮ್ ಹಾಕ್ಸಿ ಊರಿಗೆ ತೋರಿಸ್ತೀರಾ? ಸತ್ತ ಮೇಲಾದ್ರೂ ಚೆನ್ನಾಗಿರ್ಲಿ ಬುಡಿ."

ಹುಡುಗ ಹೇಳಿದ್ದರಲ್ಲಿ ನ್ಯಾಯ ಇತ್ತು. ಹೋದವನನ್ನು ಕೇಳೋಣ ಅಂದರೆ ಅವನಿಲ್ಲ. ಶಕುಂತಲಮ್ಮ ಹೊಂಬಾಳಮ್ಮನ ಮುಖ ನೋಡಿದಳು. ಹೊಂಬಾಳಮ್ಮ ಮಗನ ಮುಖ ನೋಡಿದಳು.

"ಲೋ ಅಶ್ವಥ, ಹೊರಗಿಂದ ಬಂದ್ರೆ ನಿಮ್ಮಪ್ಪ ಮೊದ್ಲು ಏನ್ ಮಾಡೋನು?"

"ಟವಲ್ ತೆಗ್ದು ಗೂಟಕ್ಕೆ ಹಾಕೋದು."

"ಹೂಂ. ಊರ ಮುಂದೆ ಮುಚ್ಕೊಳ್ಳೋನು. ನನ್ ಮುಂದೆ ಒಂದಿನಾನೂ ಮುಚ್ಕೊಳ್ನಿಲ್ಲ. ಈ ಫೋಟ ಹಾಕಾದು ಊರಾಗೋ, ಒಳಗೋ?"

"ಒಳಗೆ."

"ಊರಾಗಿರೋದನ್ನ ತೆಗೆಸ್ಬುಡು. ಬರೀ ಹೆಸ್ರು ಇರ್ಲಿ, ಸಾಕು. ಒಳಗಿರೋನು ನನ್ ಗಂಡ ಆಗಿರ್ಲಿ."

"ಮಂಗಳವಾರ ಜನ ಒಳಗೆ ಬರ್ತಾರಲ್ಲಮ್ಮ?"

"ಬರ್ಲಿ. ಹಾರ ಹಾಕ್ತೀವಲ್ಲ, ಆ ಕಡೀಕೆ ಇಳಿಬುಡ್ತೀನಿ. ಜನ ಹೋದ್ಮೇಲೆ ತೆಗೀತೀನಿ. ಅವ್ನ ಟವಲ್ಲೂ ಹಂಗೇ ಅಲ್ವಾ?"

ಅಶ್ವಥ್ ಕಾಫಿ ತರಲು ಒಳಗೆ ಹೋದ.

ಶಕುಂತಲಮ್ಮ ಚಾಪೆ ಮೇಲೆಯೇ ಲ್ಯಾಪ್‌ಟಾಪು ಬಿಚ್ಚಿದಳು. ಈ ಸಲ ಮೊದಲೇ ಕೇಳಿದಳು. "ಅಮ್ಮ, ಯಜಮಾನ್ರ ಫೋಟೋ ಮಿಷಿನ್ನಿಗೆ ಹಾಕ್ಲಾ? ಬೇಡ ಅಂದ್ರೆ ಕೈಯಲ್ಲೇ ಮಾಡ್ತೀನಿ."

"ಅದು ಏನೇನ್ ಮಾಡ್ತದೆ?"

"ಬೀಗರನ್ನ ತೆಗೀತದೆ. ಬಲಗಡೆ ಮಸುಕು ಬಿಡಿಸ್ತದೆ. ಶರ್ಟು ಹಾಕ್ತದೆ."

"ಬೀಗ್ರನ್ನ ತೆಗೆಯೋದಾದ್ರೆ ಹಾಕು."

ಬೀಗರು ಹೋದರು. ಬಲಗಡೆ ತಿಳಿಯಾಯಿತು. ಅಲ್ಲಿಯವರೆಗೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಆಮೇಲೆ ಅವಳು ಗಾಯದ ಗುರುತು ಹಾಕು, ಬಾಯಿಯ ಮೂಲೆ ಮೇಲಕ್ಕೆ ಎಳೆ ಅಂದಳು. ಮೊದಲ ಸಲ ಒಂದು ಗುಳಿ ಬಿತ್ತು, ಮದುಮಗನ ಕೆನ್ನೆಯ ಗುಳಿ ಹಾಗೆ. ಎರಡನೇ ಸಲ ಸಿನಿಮಾದ ಕೇಡಿ ಬಂದ. ಹೊಂಬಾಳಮ್ಮ ಹೌಹಾರಿ, "ಅಯ್ಯೋ ಇವ್ನು ಕೊಲೆ ಮಾಡಿ ಬಂದವ್ನೆ" ಅಂದಳು. ಮೂರನೇ ಸಲ ಕೆನ್ನೆ ಪೂರ್ತಿ ವಾಸಿಯಾಗಿಬಿಟ್ಟಿತು. ಪ್ರತಿ ಸಲವೂ ಅದು ಕ್ಷಮೆ ಕೇಳಿತು.

"ಸಾಕು ನಿನ್ನ ಕ್ಷಮೆ" ಅಂತ ಶಕುಂತಲಮ್ಮ ಅದನ್ನು ಮುಚ್ಚಿ, ಮೌಸು ಎಳೆದುಕೊಂಡಳು.

ಮುಂದಿನ ಎರಡು ಗಂಟೆ ಇಬ್ಬರೂ ಅಕ್ಕಪಕ್ಕ ಕೂತರು. ಇವಳು ಗೆರೆ ಎಳೆಯುವಳು, ಅವಳು ಹೇಳುವಳು. ಇನ್ನೂ ಕೆಳಕ್ಕೆ. ಅಷ್ಟು ಕರ್ರಗಲ್ಲ, ಕೊಬ್ಬರಿ ಸಿಪ್ಪೆ ಬಣ್ಣ. ಕಿವಿ ಹತ್ರ ಎರಡು ಹೊಲಿಗೆ ಇತ್ತು, ಬಾಯ ಹತ್ರ ಒಂದು. ನಕ್ಕಾಗ ಹೀಗೆ, ಸಿಟ್ಟು ಬಂದಾಗ್ಲೂ ಹೀಗೇ, ಅದಕ್ಕೇ ಮದುವೆಯಾದ ಹೊಸತರಲ್ಲಿ ಯಾವುದು ಯಾವುದು ಅಂತ ಗೊತ್ತಾಗ್ತಿರಲಿಲ್ಲ. ಒಂದು ಸಲ ಸಿಟ್ಟಲ್ಲಿದ್ದಾನೆ ಅಂತ ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೇ ದಿನ ಅವನೇ, "ಯಾಕೆ ಮಾತಾಡ್ತಿಲ್ಲ, ನಾನು ನಗ್ತಾನೇ ಇದೀನಲ್ಲ" ಅಂದನಂತೆ. ಹೇಳುತ್ತ ಹೊಂಬಾಳಮ್ಮ ನಕ್ಕಳು. ನಗುತ್ತ ಕಣ್ಣೊರೆಸಿಕೊಂಡಳು. ಶಕುಂತಲಮ್ಮ ಗೆರೆ ಎಳೆಯುತ್ತಲೇ ಇದ್ದಳು, ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಒಂದು ಹೊತ್ತಿನಲ್ಲಿ ಹೊಂಬಾಳಮ್ಮ ತಲೆ ಮೇಲೆ ಸೆರಗು ಎಳೆದುಕೊಂಡಳು.

"ಬಂದ" ಅಂದಳು.

ಸೋಮವಾರ ಪ್ರಿಂಟಾಯಿತು. ಪಲ್ಲವಿ ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಫ್ರೇಮಿನ ಹಿಂದಕ್ಕೆ ಒಂದು ಚೀಟಿ ಅಂಟಿಸು ಅಂದಳು, ಫ್ಯಾಕ್ಟರಿಯಲ್ಲಿ ಮಾಲಿನ ಜೊತೆ ಕಳಿಸುವ ಹಾಗೆ. ಶಕುಂತಲಮ್ಮ ದಪ್ಪ ಅಕ್ಷರದಲ್ಲಿ ಬರೆದಳು. ಬಲಗಡೆ ಮುಖ ಮದುವೆ ಫೋಟೋದ್ದು. ಶರ್ಟು, ಹಿಂದಿನ ಬಣ್ಣ ಎಐ ಮಾಡಿದ್ದು. ಎಡಗಡೆ ಮುಖ ಹೊಂಬಾಳಮ್ಮ ಹೇಳಿದ್ದು, ಶಕುಂತಲಮ್ಮ ಬಿಡಿಸಿದ್ದು. ಕೆಳಗೆ ತನ್ನ ಸೈನು ಹಾಕಿದಳು.

"ಚೆಕ್ ಮಾಡಿದೋರು ಅಂತ ಇನ್ನೊಂದು ಸೈನ್ ಬೇಕು" ಅಂದಳು ಪಲ್ಲವಿ.

"ಆಯಮ್ಮಂಗೆ ಸೈನ್ ಬರಲ್ಲ ಕಣೇ."

"ಹೆಬ್ಬೆಟ್ಟು ಇದ್ಯಲ್ಲ."

ಮಂಗಳವಾರ ಶಕುಂತಲಮ್ಮ ಇಂಕ್ ಪ್ಯಾಡು ಚೀಲದಲ್ಲಿಟ್ಟುಕೊಂಡೇ ಕಾರ್ಯಕ್ಕೆ ಹೋದಳು. ಅಡುಗೆಮನೆಯ ಮೂಲೆಯಲ್ಲಿ ಹೊಂಬಾಳಮ್ಮ ಗಂಡನ ಬೆನ್ನ ಹಿಂದೆ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಫೋಟೋ ಗೋಡೆಗೆ ಏರಿತು. ಹಾರ ಏರಿತು. ಬಲಗಡೆ ಮೇಲಕ್ಕೆ ಸಿಕ್ಕಿಸಿ ಎಡಗಡೆ ದಟ್ಟವಾಗಿ ಇಳಿಬಿಟ್ಟ ಹಾರ. ಜನ ಬಂದರು, ನೋಡಿದರು. ಕಟ್ಟೆಯ ಮುದುಕರಲ್ಲಿ ಒಬ್ಬ ಬಾಗಿಲಲ್ಲೇ ನಿಂತು, "ಥೂ, ಇವ್ನೇ ಕಣೋ! ಹೋರಿ ರಂಗ!" ಅಂತ ಗಟ್ಟಿಯಾಗಿ ಅಂದುಬಿಟ್ಟು, ಟವೆಲು ಬಾಯಿಗಿಟ್ಟುಕೊಂಡ.

ಬೀಗರೂ ಬಂದಿದ್ದರು. ಹಾರ ವಾರೆಯಾಗಿದೆ ಅನ್ನಿಸಿರಬೇಕು, ಸರಿಮಾಡಲು ಕೈ ಎತ್ತಿದರು. ಹೊಂಬಾಳಮ್ಮ ಕೂತಲ್ಲಿಂದಲೇ ಕೂಗಿದಳು.

"ಬುಡಿ ಬೀಗ್ರೇ ಅದನ್ನ. ಮದ್ವೇಲಿ ಅಡ್ಡ ನಿಂತಿದ್ದು ಸಾಕು."

ಬೀಗರಿಗೆ ಏನೂ ಅರ್ಥವಾಗಲಿಲ್ಲ. ಊಟಕ್ಕೆ ಹೋಗಿ ಕೂತರು.

ಊಟ ಮುಗಿದು, ಎಲೆ ಎತ್ತಿ, ಜನ ಕರಗುವ ಹೊತ್ತಿಗೆ ನಾಲ್ಕು ಗಂಟೆ. ಶಕುಂತಲಮ್ಮ ಬಸ್ಸಿಗೆ ಹೊರಟು ಹೇಳಿ ಹೋಗಲು ಒಳಗೆ ಬಂದಳು. ಹೊಂಬಾಳಮ್ಮ ಒಬ್ಬಳೇ ಫೋಟೋದ ಮುಂದೆ ಸ್ಟೂಲು ಹತ್ತಿ ನಿಂತಿದ್ದಳು. ಹಾರವನ್ನು ತೆಗೆದು ಪಕ್ಕದ ಗೂಟಕ್ಕೆ ಹಾಕಿದಳು. ಕೆಳಗಿಳಿದು, ತಲೆ ಆ ಕಡೆ ಈ ಕಡೆ ವಾಲಿಸಿ ಬಹಳ ಹೊತ್ತು ನೋಡಿದಳು.

"ಎಲ್ಲ ಸರಿಯಾಗದೆ ಕಣವ್ವ. ಮೀಸೆ ಒಂಚೂರು ದಪ್ಪ ಆಯ್ತು."

"ತಿದ್ದಿಕೊಡ್ಲಾ ಅಮ್ಮ? ಒಂದು ನಿಮಿಷದ ಕೆಲಸ."

"ಬ್ಯಾಡ ಬುಡು. ಬದುಕಿದ್ದಾಗ್ಲೂ ಹೇಳ್ತಾನೇ ಇದ್ದೆ, ಕತ್ತರಿಸ್ಕೊಳ್ನಿಲ್ಲ."

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಶಕುಂತಲಮ್ಮ ಚಪ್ಪಲಿ ಮೆಟ್ಟಿಕೊಂಡು ಓಡಿದಳು.